ಎರಡು ಹ

ಮೌಸ್ ಮುಟ್ಟಬಹುದು, ಫಿಲ್ಮ್ ಮುಟ್ಟಬಾರದು ಎಂದು ತೀರ್ಮಾನವಾಯಿತು.

ತೀರ್ಮಾನ ಮಾಡಿದವನು ಹಣಮಂತ, ಅನ್ನಪೂರ್ಣಾಳ ಗಂಡನ ಅಣ್ಣ. ಗೋಕಾಕದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಅವರ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಹುಕ್ಕೇರಿಯಿಂದ ಎರಡು ಸಾವಿರ ಬಟ್ಟೆ ಚೀಲಗಳ ಕೆಲಸ ಬಂದಿತ್ತು. ಶ್ರಾವಣದ ಕೊನೆಯ ಶುಕ್ರವಾರ ಅಲ್ಲಿಯ ಮಹಿಳಾ ಸಂಘದವರು ಎರಡು ಸಾವಿರ ಮುತ್ತೈದೆಯರನ್ನು ಕೂಡಿಸಿ ಉಡಿ ತುಂಬುವವರಿದ್ದರು. ತೆಂಗಿನಕಾಯಿ, ಕುಬಸ ಹೊಲಿಸಲು ಖಣದ ಬಟ್ಟೆ, ಹಸಿರು ಬಳೆ, ಅರಿಶಿನ, ಕುಂಕುಮ ಎಲ್ಲ ಆ ಚೀಲದಲ್ಲೇ ಹೋಗಬೇಕು. ಚೀಲದ ಮೇಲೆ ಸೆರಗೊಡ್ಡಿ ನಿಂತ ಒಬ್ಬ ಮುತ್ತೈದೆಯ ಚಿತ್ರ. ಬಣ್ಣ ನಾಲ್ಕು: ಹಳದಿ, ಹಸಿರು, ಕೆಂಪು, ಕಪ್ಪು.

"ಹಂಗಾದ್ರ ನಾ ಏನ್ ಮಾಡ್ಲಿ ಭಾವಾರ?" ಎಂದು ಅನ್ನಪೂರ್ಣಾ ಕೇಳಿದಳು.

"ಕಂಪ್ಯೂಟರಿನ್ಯಾಗ ಏನ್ ಏನೈತಿ ಎಲ್ಲಾ ನೀನ ಮಾಡು. ಬಣ್ಣ ಬ್ಯಾರೆ ಬ್ಯಾರೆ ಮಾಡು, ನೋಡು, ತಿದ್ದು. ಫಿಲ್ಮಿನ ಹಾಳಿ ಹೊರಗ ಬಂತಂದ್ರ ಹೊಸಾ ಹುಡುಗ ಸುನೀಲ ತೊಗೊತಾನ. ಅದನ್ನ ನೀ ಮುಟ್ಟಬ್ಯಾಡ. ಉಡಿ ಚೀಲ ಅದು. ನಾಳೆ ಯಾರರ ಏನರ ಅಂದಾರು."

"ಮೌಸ್ ಮುಟ್ಟಿದ್ರ ನಡಿತೈತಿ?"

"ಮೌಸ್ ಪ್ಲಾಸ್ಟಿಕ್ ಐತಿ ತಂಗಿ. ಪ್ಲಾಸ್ಟಿಕ್ಕಿಗೆ ಏನ್ ಹತ್ತತೈತಿ?"

ಫಿಲ್ಮೂ ಪ್ಲಾಸ್ಟಿಕ್ಕೇ ಎಂದು ಅವಳು ಹೇಳಲಿಲ್ಲ.

ಅಂಗಡಿಯ ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಪಟವಿತ್ತು. ಪ್ರತಿ ಬಸವ ಜಯಂತಿಗೆ ಸುತ್ತಲಿನ ಊರುಗಳ ಟೋಪಿ, ಧ್ವಜ, ಶಾಲುಗಳು ಇಲ್ಲೇ ಅಚ್ಚಾಗುತ್ತಿದ್ದವು. ಕಳೆದ ಎರಡು ಜಯಂತಿಗಳ ಫಿಲ್ಮುಗಳನ್ನೆಲ್ಲ ಹಿಡಿದು, ಕತ್ತರಿಸಿ, ಗುರುತು ಹಾಕಿದವಳು ಅನ್ನಪೂರ್ಣಾಳೇ. ಸೂತಕವಿಲ್ಲವೆಂದು ಸಾರುವ ಧ್ವಜಕ್ಕೆ ಅವಳ ಕೈ ನಡೆಯುತ್ತಿತ್ತು. ಧ್ವಜ ಗಂಡಸರ ಕೈಗೆ ಹೋಗುತ್ತದೆ, ಚೀಲ ಹೆಂಗಸರ ಮಡಿಲಿಗೆ ಬರುತ್ತದೆ. ಅಷ್ಟೇ ವ್ಯತ್ಯಾಸ.

ಅವಳಿಗೆ ಇಪ್ಪತ್ತೇಳು ವರ್ಷ. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಪದವಿ ಮುಗಿಸಿದ್ದಳು. ಆ ಕಾಲೇಜಿನ ಸಮ್ಮೇಳನಕ್ಕೆ ಟೀ ಶರ್ಟ್ ಅಚ್ಚು ಹಾಕಲು ಬಂದಿದ್ದ ಈಶ್ವರ ಲ್ಯಾಪ್‌ಟಾಪ್ ತೆರೆದು, ಒಂದು ಚಿತ್ರವನ್ನು ನಾಲ್ಕಾಗಿ ಒಡೆದು ತೋರಿಸಿದ್ದ. ಒಡೆದದ್ದು ಮತ್ತೆ ಕೂಡುತ್ತದೆಯೇ ಎಂದು ಅವಳು ಕೇಳಿದ್ದಳು. ಕೂಡುತ್ತದೆ, ನಾಲ್ಕು ಮೂಲೆಯ ಗುರುತುಗಳು ಒಂದರ ಮೇಲೊಂದು ಕುಳಿತರೆ ಕೂಡುತ್ತದೆ ಎಂದಿದ್ದ. ಮದುವೆಯಾಗಿ ಮೂರು ವರ್ಷಕ್ಕೆ, ಮೂಡಲಗಿ ರಸ್ತೆಯಲ್ಲಿ, ಹಿಂದೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಅವನ ಬೈಕು ನುಗ್ಗಿತು. ಅದಾಗಿ ಎರಡು ವರ್ಷ. ಅಳುವುದೆಲ್ಲ ಮುಗಿದಿತ್ತು. ಈಗ ಅವಳಿಗೆ ಯಾವುದೂ ಅಷ್ಟಾಗಿ ತಾಗುತ್ತಿರಲಿಲ್ಲ. ಬಾಯಿ ಸುಡುವ ಚಹಾ ಕೂಡ.

ಬಣ್ಣ ಬೇರ್ಪಡಿಸುವ ಕೆಲಸವನ್ನು ಈಶ್ವರ ಅವಳಿಗೆ ಕಲಿಸಿದ್ದ. ಹಣಮಂತನಿಗೆ ಅದು ಬರುತ್ತಿರಲಿಲ್ಲ. ಅವನದು ಮೇಜಿನ ಕೆಲಸ. ಚೌಕಟ್ಟಿಗೆ ಬಿಗಿದ ಜಾಲರಿಯ ಸ್ಕ್ರೀನ್ ಇಟ್ಟು, ಇಂಕು ಸುರಿದು, ರಬ್ಬರಿನ ಪಟ್ಟಿಯಿಂದ ಎಳೆಯುವುದು. ತಮ್ಮ ಸತ್ತ ಮೇಲೆ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ತಮ್ಮನ ಹೆಂಡತಿಯನ್ನು ಕೂರಿಸುವುದು ಅವನಿಗೆ ಅನಿವಾರ್ಯವಾಗಿತ್ತು. ಕಾರಹುಣ್ಣಿಮೆಯ ಮರುದಿನ ಅವನು ಸುನೀಲನನ್ನು ಕರೆತಂದ.

"ಇವಂಗ ಎಲ್ಲಾ ಕಲಸು" ಎಂದ. "ಇವ ಕಲತಾದ ಮ್ಯಾಲ ನೀ ಮೂಡಲಗಿಗೆ ಹೋಗಿ ಅವ್ವನ ಕೂಡ ಆರಾಮ ಇರು. ಎಷ್ಟ ದಿನಾ ಅಂತ ಅಂಗಡ್ಯಾಗ ಕುಂದರತಿ? ಉಡಿ ಚೀಲದ ಕೆಲಸ ಇವನ ಕೈಲೆ ಆತಂದ್ರ, ಮುಂದಿಂದೆಲ್ಲಾ ಇವಂದ."

ಮೂಡಲಗಿಯ ಆರಾಮವನ್ನು ಅನ್ನಪೂರ್ಣಾ ನೋಡಿ ಬಂದಿದ್ದಳು. ಈಶ್ವರ ಸತ್ತ ಮೇಲೆ ಆರು ತಿಂಗಳು ಅಲ್ಲಿದ್ದಳು. ಅತ್ತೆ ಕಾಶೆವ್ವ, ಎರಡು ಎಮ್ಮೆ, ಹಿತ್ತಲಿಗೆ ಬಾಗಿಲಿದ್ದ ಒಂದು ಕೋಣೆ. ಬೆಳಗಿನ ಹೊತ್ತು ಅವಳು ಬಾಗಿಲಿಗೆ ಬಂದರೆ, ಹೊಲಕ್ಕೆ ಹೊರಟವರು ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತುಬಿಡುತ್ತಿದ್ದರು, ಅವಳು ಒಳಗೆ ಹೋಗುವತನಕ. ಗೋಕಾಕದ ಈ ಕುರ್ಚಿಯಲ್ಲಿ ಅವಳನ್ನು ಯಾರೂ ನಿಂತು ಕಾಯುತ್ತಿರಲಿಲ್ಲ. ಗಿರಾಕಿಗಳು "ಮೇಡಮ್, ಆತೇನ್ರಿ?" ಎನ್ನುತ್ತಿದ್ದರು. ಅವಳಿಗೆ ಉಳಿದದ್ದು ಅದೊಂದೇ. ಅದು ಹೋದರೆ ಎಮ್ಮೆ.

ಸುನೀಲನಿಗೆ ಮೂವತ್ತು. ಎರಡು ಹೆಣ್ಣುಮಕ್ಕಳ ತಂದೆ. ಹುಕ್ಕೇರಿಯಲ್ಲಿ ಫ್ಲೆಕ್ಸ್ ಬ್ಯಾನರ್ ಮಾಡುವ ಯಂತ್ರ ನಡೆಸುತ್ತಿದ್ದವನು. ಆ ಯಂತ್ರ ಎಲ್ಲ ಬಣ್ಣಗಳನ್ನೂ ಒಂದೇ ಸಲ ಉಗುಳುತ್ತದೆ. ಹಾಗಾಗಿ ಚಿತ್ರವೊಂದನ್ನು ಬಣ್ಣಕ್ಕೊಂದರಂತೆ ಒಡೆಯಬೇಕು, ಪ್ರತಿ ಬಣ್ಣಕ್ಕೂ ಒಂದು ಪಾರದರ್ಶಕ ಫಿಲ್ಮ್, ಪ್ರತಿ ಫಿಲ್ಮಿಗೂ ಒಂದು ಸ್ಕ್ರೀನ್ ಎಂಬುದು ಅವನಿಗೆ ಬೇಗ ತಲೆಗೆ ಹತ್ತಲಿಲ್ಲ. ಅದರಲ್ಲೂ ಫಿಲ್ಮಿನ ಮೇಲೆ ಯಾವ ಬಣ್ಣವೂ ಇರುವುದಿಲ್ಲ, ಎಲ್ಲವೂ ಕಪ್ಪಾಗಿಯೇ ಬರುತ್ತವೆ ಎಂದಾಗ ನಕ್ಕೇಬಿಟ್ಟ.

"ಹಳದೀನೂ ಕರಿ, ಕೆಂಪೂ ಕರಿ. ಮತ್ತ ಹೆಂಗ ಗುರ್ತಾ ಹಿಡಿಯೂದ್ರಿ ಅಕ್ಕಾರ?"

ಗುರುತು ಹಿಡಿಯಲು ಫಿಲ್ಮಿನ ಮೂಲೆಯಲ್ಲಿ ಮಾರ್ಕರಿನಿಂದ ಅಕ್ಷರ ಬರೆಯುತ್ತಾರೆ. ಕಂಪ್ಯೂಟರ್ ತಾನೇ ಅಂಚಿನಲ್ಲಿ ಬಣ್ಣದ ಹೆಸರು ಹಾಕುತ್ತದೆ, ಆದರೆ ಹಾಳೆ ಉಳಿಸಲು ಹಣಮಂತ ಆ ಅಂಚನ್ನು ಕತ್ತರಿಸಿಬಿಡುತ್ತಿದ್ದ. ಈಶ್ವರ ಕೆಂಪಿಗೆ ಕೆ, ಕಪ್ಪಿಗೆ ಕ ಬರೆಯುತ್ತಿದ್ದ. ಹಳದಿ, ಹಸಿರು ಎರಡೂ ಹ. ಅದಕ್ಕೇ ಹಸಿರಿಗೆ ಸಿ, ಹಳದಿಗೆ ಳ. "ಸಾಲ್ಯಾಗ ಕಲಸತಾರ, ಳ ಕಾರದಿಂದ ಯಾವ ಶಬ್ದಾನೂ ಸುರು ಆಗೂದಿಲ್ಲಂತ. ಪಾಪ, ನಾ ಅದಕ್ಕೊಂದು ನೌಕರಿ ಕೊಟ್ಟೇನಿ" ಎನ್ನುತ್ತಿದ್ದ.

ಸುನೀಲನಿಗೆ ಅವಳು ಎಲ್ಲವನ್ನೂ ಕಲಿಸಿದಳು. ಅಕ್ಷರದ ಮಾತೊಂದು ಉಳಿದಿತ್ತು. ಬೇಕೆಂದೇ ಉಳಿಸಿದ್ದಲ್ಲ. ಆವರೆಗೆ ಅಕ್ಷರ ಬರೆಯುತ್ತಿದ್ದವಳು ಅವಳೇ ಆದ್ದರಿಂದ ಮಾತು ಬಂದಿರಲಿಲ್ಲ.

ಚಿತ್ರ ತಯಾರಾದ ಮೇಲೆ ಸಂಘದ ಅಧ್ಯಕ್ಷೆ ಸುಂದ್ರವ್ವ ನೋಡಲು ಬಂದಳು. ಐವತ್ತರ ಹೆಣ್ಣುಮಗಳು, ಅಗಲ ಹಣೆಗೆ ಅಗಲ ಕುಂಕುಮ. ಬರುವ ಮುಂಚೆ ಹಣಮಂತ ಸುನೀಲನನ್ನು ಕುರ್ಚಿಯಲ್ಲಿ ಕೂರಿಸಿ, ಅನ್ನಪೂರ್ಣಾಳನ್ನು ಹಿಂದೆ ಕಪಾಟಿನ ಬಳಿ ನಿಲ್ಲಿಸಿದ್ದ.

"ಯಾರ್ ಮಾಡಿದ್ರಪಾ ಚಿತ್ರಾ? ಛಲೋ ಬಂದೈತಿ."

"ಇವನರಿ ಅಕ್ಕಾರ, ನಮ್ಮ ಸುನೀಲ" ಎಂದ ಹಣಮಂತ. "ನಿಮ್ಮ ಹುಕ್ಕೇರಿಯಾಂವ."

"ಮತ್ತ ಅಕಿ?"

"ನಮ್ಮ ತಮ್ಮನ ಹೆಂಡ್ತಿರಿ."

"ಈಶ್ವರಂದಾ?" ಸುಂದ್ರವ್ವ ಅವಳನ್ನು ನೋಡಿದಳು. ಹಣೆಯ ವಿಭೂತಿ, ಬರಿ ಕೊರಳು, ಬರಿ ಕೈ, ಸಾವಕಾಶವಾಗಿ ಒಂದೊಂದನ್ನೇ. "ಪಾಪ. ಇನ್ನೂ ಸಣ್ಣಾಕಿ."

ಕಂಪ್ಯೂಟರಿನಲ್ಲಿ ಪ್ರತಿ ಬಣ್ಣದ ಮಗ್ಗುಲಲ್ಲಿ ಒಂದು ಸಣ್ಣ ಕಣ್ಣಿನ ಗುರುತು ಇರುತ್ತದೆ. ಒತ್ತಿದರೆ ಕಣ್ಣು ಮುಚ್ಚಿ ಆ ಬಣ್ಣ ಮಾಯ, ಮತ್ತೆ ಒತ್ತಿದರೆ ಹಾಜರು. ಅಚ್ಚಿಗೆ ಮುಂಚೆ ಒಂದೊಂದನ್ನೇ ಹೀಗೆ ಮುಚ್ಚಿ ತೆರೆದು ನೋಡಬೇಕು. ಸುನೀಲ ಹಳದಿಯೊಂದನ್ನೇ ಉಳಿಸಿ ತೋರಿಸಿದ. ಅರಿಶಿನ ಹಚ್ಚಿದ ಮುಖ, ಎರಡು ಕೈ, ಗೆರೆಯಿಲ್ಲದೆ ಕಲೆಯಂತೆ ಕಂಡವು. ಹಸಿರು ತೆರೆದ. ಸೀರೆ, ಬಳೆ, ಎಲೆ. ಕಪ್ಪು ತೆರೆದ. ಗೆರೆ ಬಂದು ಎಲ್ಲಕ್ಕೂ ಆಕಾರ ಬಂತು.

"ಈಗ ಕೆಂಪು ತಗದ್ರ ಏನ್ ಹೋಗತೈತಿ ನೋಡ್ರಿ" ಎಂದು ಸುನೀಲ ಹುಮ್ಮಸ್ಸಿನಲ್ಲಿ ನಾಲ್ಕನ್ನೂ ತೆರೆದು ಕೆಂಪಿನ ಕಣ್ಣನ್ನು ಮುಚ್ಚಿದ.

ಮುತ್ತೈದೆಯ ಹಣೆಯ ಕುಂಕುಮ ಹೋಯಿತು. ಬೈತಲೆ ಬರಿದಾಯಿತು. ಸೆರಗಿನೊಳಗಿನ ಖಣ ಹೋಯಿತು. ಸೆರಗೊಡ್ಡಿ ನಿಂತವಳು ಖಾಲಿ ಸೆರಗೊಡ್ಡಿಯೇ ನಿಂತಿದ್ದಳು.

ಸುಂದ್ರವ್ವ ಪರದೆಯಿಂದ ಕಣ್ಣು ತೆಗೆದು ಕಪಾಟಿನ ಕಡೆ ನೋಡಿದಳು. ಮತ್ತೆ ಪರದೆ ನೋಡಿದಳು.

"ಹಾಕಪಾ ಅದನ್ನ" ಎಂದಳು. "ಹಂಗ ತಗದು ತೋರಸಬಾರದು. ಅಪಶಕುನ."

"ಹಾಕೋ ಮಾರಾಯಾ" ಎಂದ ಹಣಮಂತ.

ಗಾಬರಿಗೆ ಸುನೀಲನಿಗೆ ಎಲ್ಲಿ ಒತ್ತಬೇಕೆಂದು ಹೊಳೆಯಲಿಲ್ಲ. ಅನ್ನಪೂರ್ಣಾ ಹಿಂದಿನಿಂದ ಬಂದು, ಅವನ ಭುಜದ ಮೇಲಿಂದ ಕೈ ಚಾಚಿ, ಮೌಸಿನಿಂದ ಆ ಕಣ್ಣು ತೆರೆದಳು. ಕುಂಕುಮ ಬಂತು.

ಸುಂದ್ರವ್ವ ಹಣಮಂತನನ್ನು ನೋಡಿದಳು.

"ಇಲ್ರಿ ಅಕ್ಕಾರ" ಎಂದ ಅವನು. "ಇದು ಬರೇ ಬೆಳಕ್ರಿ. ಚೀಲಕ್ಕ ಅಕಿ ಕೈ ಹತ್ತೂದಿಲ್ಲ. ಬೇಕಂದ್ರ ಬಸವಣ್ಣನ ಆಣಿ ಮಾಡ್ತೇನಿ."

ಮರುದಿನ ಬೆಳಿಗ್ಗೆ ಪ್ರಿಂಟರಿನಿಂದ ನಾಲ್ಕು ಫಿಲ್ಮು ಹೊರಬಂದವು. ಅನ್ನಪೂರ್ಣಾ ಕುರ್ಚಿಯಲ್ಲೇ ಕುಳಿತಳು. ಅವಳ ಕಂಪ್ಯೂಟರಿಗೂ ಅಚ್ಚಿನ ಮೇಜಿಗೂ ನಡುವೆ ಪ್ಲೈವುಡ್ಡಿನ ಗೋಡೆ, ಗೋಡೆಯಲ್ಲೊಂದು ಗಾಜು. ಆ ಗಾಜಿನಾಚೆ ಸುನೀಲ ಒಂದೊಂದೇ ಫಿಲ್ಮಿನ ಅಂಚು ಕತ್ತರಿಸಿ, ಮೂಲೆಯಲ್ಲಿ ಅಕ್ಷರ ಬರೆಯುತ್ತ ಹೋದ. ಮುಖ, ಕೈಗಳಿದ್ದ ಫಿಲ್ಮಿಗೆ ಹ. ಸೀರೆ, ಬಳೆಗಳಿದ್ದ ಫಿಲ್ಮಿಗೂ ಹ. ಕೆ. ಕ. ನಾಲ್ಕನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು, ಮೂಲೆಯ ಗುರುತುಗಳು ಕೂಡಿದ್ದನ್ನು ನೋಡಿ, ಅವಳ ಕಡೆ ತಿರುಗಿ ನಕ್ಕ. ಸರಿ ಇದೆ ಎಂಬಂತೆ ಅವಳು ತಲೆಯಾಡಿಸಿದಳು.

ಗುರುತುಗಳು ಸರಿಯಾಗಿಯೇ ಇದ್ದವು.

ಎದ್ದು ಹೋಗಿ ಹೇಳಲು ಎಂಟು ಹೆಜ್ಜೆ. ಕೂತಲ್ಲಿಂದಲೇ ಕೂಗಿದರೂ ಆಗುತ್ತಿತ್ತು. ಅವಳು ಲೆಕ್ಕ ಹಾಕಿದಳು. ಕೆಲಸ ಸರಿಯಾದರೆ ಸುನೀಲ ಈ ಕುರ್ಚಿಗೆ, ತಾನು ಮೂಡಲಗಿಗೆ. ಕೆಟ್ಟರೆ, ನೋಡಿದಿರಾ, ನಾನಿಲ್ಲದೆ ಆಗುವುದಿಲ್ಲ ಎಂದು ತಾನು ಹೇಳಬೇಕಾಗಿಯೇ ಇಲ್ಲ. ಹಣಮಂತನೇ ಹೇಳುತ್ತಾನೆ. ಸುನೀಲನ ಎರಡು ಹೆಣ್ಣುಮಕ್ಕಳ ನೆನಪೂ ಬಂತು. ಬಂದು ಹೋಯಿತು. ಮುಟ್ಟಬೇಡ ಎಂದಿದ್ದಾರೆ, ಮುಟ್ಟುತ್ತಿಲ್ಲ ಎಂದುಕೊಂಡಳು. ಅಲ್ಲದೆ ಇದು ಕೆಟ್ಟೇ ಕೆಡುತ್ತದೆ ಎಂದೇನೂ ಇಲ್ಲ. ಯಾವ ಹ ಯಾವುದೆಂದು ಅವನಿಗೆ ನೆನಪಿದ್ದರೂ ಇದ್ದೀತು.

ಫಿಲ್ಮಿನ ಚಿತ್ರಗಳನ್ನು ಬೆಳಕಿನಲ್ಲಿ ಸ್ಕ್ರೀನುಗಳಿಗೆ ಇಳಿಸಿ, ಅವಕ್ಕೂ ಸುನೀಲ ಅವೇ ಅಕ್ಷರ ಬರೆದ. ತೊಳೆದು ನಾಲ್ಕನ್ನೂ ಬಿಸಿಲಿಗೆ ಒರಗಿಸಿಟ್ಟ. ಹನಿ ಬಿತ್ತೆಂದು ಹಣಮಂತ ಓಡಿಹೋಗಿ ಕೈಗೆ ಸಿಕ್ಕಂತೆ ಒಳತಂದ. ಈಗ ಯಾವುದು ಎಡ, ಯಾವುದು ಬಲ ಎಂಬುದೂ ಉಳಿಯಲಿಲ್ಲ.

ಪೂರಾ ಕೆಲಸಕ್ಕೆ ಮುಂಚೆ ಒಂದೇ ಒಂದು ಚೀಲಕ್ಕೆ ನಾಲ್ಕೂ ಬಣ್ಣ ಹಾಕಿ ನೋಡುವುದು ಈಶ್ವರನ ಪದ್ಧತಿ. ಅವನ ನಂತರ ಅದನ್ನು ನಡೆಸಿಕೊಂಡು ಬಂದವಳು ಅನ್ನಪೂರ್ಣಾ. ಈ ಸಲ ಅವಳು ಮೇಜಿನ ಬಳಿ ಬರುವಂತಿರಲಿಲ್ಲ. ಹಣಮಂತನಿಗೆ ಅದರ ವ್ಯವಧಾನವಿರಲಿಲ್ಲ. "ಪರದೆ ಮ್ಯಾಲ ನೋಡೇವಲ್ಲ" ಎಂದ.

ಮಂಗಳವಾರ ಬೆಳಿಗ್ಗೆ ಸುನೀಲ ಒಂದು ಸ್ಕ್ರೀನ್ ಎತ್ತಿಕೊಂಡು ಗಾಜಿನ ಬಳಿ ಬಂದ. ಅದು ಸೀರೆ, ಬಳೆಗಳ ಸ್ಕ್ರೀನ್.

"ಅಕ್ಕಾರ, ತಿಳಿ ಬಣ್ಣ ಮೊದಲಲ್ರಿ? ಹ ಮೊದಲಲ್ರಿ?"

ಆಗ ಅರ್ಧ ದೈವದ ಪಾಲಿಗೆ ಬಿಟ್ಟಿದ್ದ ಮಾತು ಪೂರಾ ಅವಳ ಕೈಗೆ ಬಂತು. ಅವನು ಕಾಯುತ್ತಿದ್ದ. ಹೊಸದಾಗಿ ಕಲಿತವರಿಗಿರುವ ಮರ್ಯಾದೆ ಅವನ ಮುಖದಲ್ಲಿತ್ತು.

"ಹೂಂ" ಎಂದಳು. "ಹ ಮೊದಲು."

ಸುಳ್ಳೇನೂ ಹೇಳಲಿಲ್ಲ.

ಮೇಜಿನ ಮೇಲೆ ನಲವತ್ತು ನಲವತ್ತರಂತೆ ಚೀಲ ಹಾಸಿ, ಅಂದು ಸಂಜೆಯವರೆಗೆ ಹಳದಿ ಎಳೆದರು. ಬುಧವಾರ ಮಧ್ಯಾಹ್ನದವರೆಗೆ ಹಸಿರು, ಆಮೇಲೆ ಕೆಂಪು. ಕಪ್ಪು ಗೆರೆ ಬೀಳುವತನಕ ಚೀಲದ ಮೇಲಿರುವುದು ಬಣ್ಣದ ಕಲೆಗಳು ಮಾತ್ರ. ಮುಖ ಯಾವುದು, ಸೆರಗು ಯಾವುದು ತಿಳಿಯುವುದಿಲ್ಲ. ಇಪ್ಪತ್ತು ವರ್ಷ ಎಳೆದ ಹಣಮಂತ ಯಾವತ್ತೂ ಚಿತ್ರ ನೋಡಿದವನಲ್ಲ, ಇಂಕು ನೋಡಿದವನು. ಸುನೀಲ ಇಂಕನ್ನೂ ನೋಡುವಷ್ಟು ಪಳಗಿರಲಿಲ್ಲ. ಗಾಜಿನ ಈಚೆಗೆ ಕುಳಿತವಳಿಗೆ ಮಾತ್ರ ಗೆರೆ ಬೇಕಿರಲಿಲ್ಲ. ನಲವತ್ತು ನಲವತ್ತರಂತೆ ಹಸಿರು ಮುಖದ ಹೆಂಗಸರು ಬಂದು ಮಲಗಿ, ಒಣಗಿ, ಎದ್ದುಹೋಗುತ್ತಿದ್ದರು. ಅವಳು ಬೇರೆ ಯಾರದೋ ಮದುವೆ ಕಾರ್ಡಿನ ಅಕ್ಷರ ತಿದ್ದುತ್ತ ಕುಳಿತಿದ್ದಳು. ನಡುನಡುವೆ ತಲೆಯೆತ್ತಿ ನೋಡುತ್ತಿದ್ದಳು. ಎರಡೂ ದಿನ ಸುನೀಲ ಅವಳಿಗೆ ಚಹಾ ತಂದುಕೊಟ್ಟ. ಅವಳು ಕುಡಿದಳು.

ಗುರುವಾರ ಬೆಳಿಗ್ಗೆ ಮೊದಲ ಸಾಲಿಗೆ ಕಪ್ಪು ಬಿತ್ತು.

ಹಣಮಂತ ಸ್ಕ್ರೀನ್ ಎತ್ತಿದ. ಗೆರೆ ಬಂದಿತ್ತು, ಚಿತ್ರ ಬಂದಿತ್ತು. ಹಳದಿ ಸೀರೆ, ಹಳದಿ ಬಳೆ. ಮುಖ ಹಸಿರು. ನೀರಿನಿಂದ ಮೂರು ದಿನದ ಮೇಲೆ ತೆಗೆದ ಹೆಣದ ಮುಖ ಅದು. ಆ ಹಸಿರು ಹಣೆಯ ಮೇಲೆ ಕುಂಕುಮ. ಕೆಳಗೆ ದಪ್ಪ ಅಕ್ಷರದಲ್ಲಿ, ಮುತ್ತೈದೆಯರಿಗೆ ಉಡಿ.

ಅವನು ಸ್ಕ್ರೀನ್ ಕೆಳಗಿಟ್ಟು, ಅಂಗೈಯಲ್ಲಿ ಇಂಕು ಇದ್ದಂತೆಯೇ ಸುನೀಲನ ಕೆನ್ನೆಗೆ ಬಾರಿಸಿದ.

ಸುದ್ದಿ ಹೋದ ಎರಡು ತಾಸಿಗೆ ಸುಂದ್ರವ್ವ ಜೀಪಿನಲ್ಲಿ ಬಂದಳು. ಒಂದು ಚೀಲ ಎತ್ತಿ, ಮುಖ ನೋಡಿ, ಬೆಂಕಿ ಮುಟ್ಟಿದಂತೆ ಕೆಳಗೆ ಹಾಕಿದಳು. ಅನ್ನಪೂರ್ಣಾ ಗಾಜಿನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಇನ್ನು ಹಣಮಂತ ತನ್ನ ಕಡೆ ತಿರುಗುತ್ತಾನೆ, ನೀನೇ ನಿಂತು ಸರಿಮಾಡು ತಂಗಿ ಎನ್ನುತ್ತಾನೆ ಎಂದು ಅವಳು ಕಾದಳು.

ಹಣಮಂತ ತಿರುಗಿದ್ದು ಸುನೀಲನ ಕಡೆ. "ಹೇಳೋ. ಹೆಂಗಾತಿದು?"

ಸುನೀಲನ ಒಂದು ಕೆನ್ನೆ ಕಪ್ಪಾಗಿತ್ತು. ಅವನಿಗೆ ಅಷ್ಟೊತ್ತಿಗೆ ತನ್ನ ತಪ್ಪು ತಿಳಿದಿತ್ತು. ಗೋಡೆಗೆ ಒರಗಿಸಿದ ಎರಡು ಹ ಸ್ಕ್ರೀನುಗಳನ್ನು ಅವನು ಒಮ್ಮೆ ನೋಡಿದ. ನೆಲ ನೋಡಿದ. ಆಮೇಲೆ ನೆಲವನ್ನೇ ನೋಡುತ್ತ ಹೇಳಿದ:

"ನಾ ಬರೋಬ್ಬರಿ ಮಾಡಿದ್ನಿರಿ. ಫಿಲ್ಮ್ ಬಂದಾಗ... ನಾ ಹೊರಗ ಹೋಗಿದ್ನಿರಿ. ಅಕ್ಕಾರು ಮುಟ್ಟಿದ್ರು ಕಾಣತೈತ್ರಿ."

ಅದು ಎಲ್ಲರಿಗೂ ತಕ್ಷಣ ಅರ್ಥವಾಯಿತು. ಎಷ್ಟು ಬೇಗ ಅರ್ಥವಾಯಿತೆಂದರೆ ಹಣಮಂತನ ಮುಖದ ಸಿಟ್ಟೇ ಇಳಿದುಹೋಯಿತು. ಕಾರಣ ಸಿಕ್ಕಿತ್ತು.

"ಮುಟ್ಟಿದೇನವಾ ತಂಗಿ?" ಎಂದು ಸುಂದ್ರವ್ವ ಕೇಳಿದಳು. ದನಿಯಲ್ಲಿ ಗದರಿಕೆ ಇರಲಿಲ್ಲ.

"ಇಲ್ರಿ."

"ಖರೆ ಹೇಳು. ಯಾರೂ ಏನೂ ಅನ್ನೂದಿಲ್ಲ."

ಅನ್ನಪೂರ್ಣಾ ಸುನೀಲನನ್ನು ನೋಡಿದಳು. ಅವನು ತಲೆಯೆತ್ತಲಿಲ್ಲ. ಸುಳ್ಳನ್ನು ಸುಳ್ಳೆಂದು ತೋರಿಸಲು ಅವಳ ಬಳಿ ಒಂದೇ ದಾರಿಯಿತ್ತು. ಅದು ನಿಜ. ನಿಜ ಹೇಳಿದರೆ ಕುರ್ಚಿ ಹೋಗುತ್ತದೆ. ಹೇಳದಿದ್ದರೂ ಹೋಗುತ್ತದೆ. ಅವಳಿಗೆ ಇದ್ದಕ್ಕಿದ್ದಂತೆ, ಎರಡು ವರ್ಷದಲ್ಲಿ ತಾನೇ ಕೈಯಾರೆ ಮಾಡಿದ್ದು ಇದೊಂದೇ ಅನ್ನಿಸಿತು. ಬಾಕಿಯದೆಲ್ಲ ಅವಳ ಮೇಲೆ ಬಂದು ಬಿದ್ದದ್ದು. ಇದನ್ನಾದರೂ ಮಾಡಿದವಳು ತಾನು ಎಂದು ಹೇಳಿಬಿಡಬೇಕು. ಹೊಡೆದರೆ ಹೊಡೆಯಲಿ.

"ಮುಟ್ಟಿಲ್ರಿ" ಎಂದಳು. "ನೋಡಿದ್ನಿ."

"ಏನ್ ನೋಡಿದಿ?"

"ಇಂವ ಎರಡಕ್ಕೂ ಹ ಬರದಾ. ಹಳದಿಗೂ ಹ, ಹಸರಿಗೂ ಹ. ಅದನ್ನ ಇಲ್ಲೆ ಕುಂತು ನೋಡಿದ್ನಿ. ಅದಲ್ಲ ಇದು ಅಂತ ಹೇಳಬೇಕಾಗಿತ್ತು, ಹೇಳಲಿಲ್ಲ. ಮಂಗಳವಾರದಿಂದ ನೋಡಾಕತ್ತೇನಿ. ಒಂದೊಂದ ಚೀಲಾ ಕೆಡೂದು ನೋಡಕೋತ ಸುಮ್ಮ ಕುಂತಿದ್ನಿ. ಬೇಕಂತ ಕುಂತಿದ್ನಿ."

ಇಷ್ಟು ಉದ್ದದ ಮಾತನ್ನು ಆ ಅಂಗಡಿಯಲ್ಲಿ ಅವಳು ಆಡಿದ್ದೇ ಇಲ್ಲ. ಆಡಿ ಮುಗಿಸಿ, ಕಾಯ್ದಳು. ಎದೆ ಹೊಡೆದುಕೊಳ್ಳುತ್ತಿತ್ತು. ಅದು ಹೊಡೆದುಕೊಳ್ಳುತ್ತದೆಂಬುದೇ ಅವಳಿಗೆ ಮರೆತಿತ್ತು.

ಸುಂದ್ರವ್ವ ಒಂದು ಹೆಜ್ಜೆ ಹಿಂದೆ ಸರಿದಳು.

"ಮಂಗಳವಾರದಿಂದ ನೋಡ್ಯಾಳ" ಎಂದಳು, ಹಣಮಂತನಿಗೆ. "ಕೇಳಿದ್ಯಾ ತಮ್ಮಾ? ಎರಡ ಸಾವಿರ ಚೀಲಾ, ಒಂದೊಂದ ನೋಡ್ಯಾಳ. ಮುಟ್ಟಿದ್ದಾದ್ರ ನೀರ ಹಾಕಿದ್ರ ಹೋಗತಿತ್ತು. ನೋಟ ಬಿದ್ದಿದ್ದು ಹೆಂಗ ತಗೀತಿ?"

"ಅಲ್ರಿ" ಎಂದಳು ಅನ್ನಪೂರ್ಣಾ. "ನೋಟ ಅಲ್ಲ. ಅಕ್ಷರದ ಮಾತು. ಹ ಅಂದ್ರ..."

"ಗೊತ್ತಾತವಾ, ಗೊತ್ತಾತು."

"ಹಳದಿಗೆ ಳ ಬರೀಬೇಕಿತ್ತರಿ. ನಾ ಹೇಳಲಿಲ್ಲ. ನಾ ಮಾಡಿದ್ದು ಇದು."

ಳ ಅಂತೆ, ಎಂದು ಜೀಪಿನ ಚಾಲಕ ಬಾಗಿಲಲ್ಲಿ ಸಣ್ಣಗೆ ನಕ್ಕ.

ಸುಂದ್ರವ್ವ ತನ್ನ ಕೈಚೀಲದಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡಳು. ಅವಳ ಕಣ್ಣಲ್ಲಿ ನಿಜವಾಗಿಯೂ ಕನಿಕರವಿತ್ತು. "ನಿಂದೇನೂ ತಪ್ಪಿಲ್ಲ ತಂಗಿ" ಎಂದಳು. "ನೀ ಯಾಕ ಬೇಕಂತ ಮಾಡತಿ? ಹಂಗೆಲ್ಲಾ ಅನ್ನಬ್ಯಾಡ. ನಿನ್ನ ಹಣೇಬರಾ, ನೀ ಏನ್ ಮಾಡ್ತಿ?"

ಹಣಮಂತನೂ ತಲೆಯಾಡಿಸಿದ. "ಅಕಿ ತಪ್ಪಿಲ್ರಿ. ನಂದ ತಪ್ಪು. ಕೈ ಒಂದ ನೋಡಿದ್ನಿ, ಕಣ್ಣಿಂದು ನೆನಪ ಆಗಲಿಲ್ಲ."

ಸುನೀಲ ಆಗ ತಲೆಯೆತ್ತಿದ. ಆ ಕ್ಷಣದಲ್ಲಿ ಅಂಗಡಿಯಲ್ಲಿ ಅವಳನ್ನು ನಂಬಿದವನು ಅವನೊಬ್ಬನೇ. ಅವಳು ನೋಡಿ ಸುಮ್ಮನಿದ್ದಳೆಂಬುದು, ಚಹಾ ಕುಡಿಯುತ್ತ ಸುಮ್ಮನಿದ್ದಳೆಂಬುದು ಅವನ ಮುಖದ ಮೇಲೆ ಸಾವಕಾಶ ಇಳಿಯಿತು. ಅವನು ಬಾಯಿ ತೆರೆದ. ನಂತರ ಮುಚ್ಚಿದ. ಅವಳು ಮೊನ್ನೆ ಮುಚ್ಚಿಕೊಂಡಿದ್ದಂತೆಯೇ.

ಕಾರ್ಯಕ್ರಮವನ್ನು ಮುಂದಿನ ಮಂಗಳವಾರಕ್ಕೆ ದೂಡಿದರು. ಅಂಗಡಿಗೆ ಗೋಮೂತ್ರ ಚಿಮುಕಿಸಿ, ಹೊಸ ಚೀಲ ತರಿಸಿ, ಇಂಕು ಅದಲುಬದಲು ಮಾಡಿ ಎಳೆದರು. ಸ್ಕ್ರೀನುಗಳು ಸರಿಯಾಗಿಯೇ ಇದ್ದವಲ್ಲ, ಅಕ್ಷರವೊಂದೇ ತಪ್ಪಿದ್ದು. ಸುನೀಲ ಈಗ ಪ್ರತಿಯೊಂದರ ಮೇಲೂ ಪೂರಾ ಹೆಸರು ಬರೆದ. ಅದಕ್ಕೆ ಯಾರೂ ಅವನಿಗೆ ಕಲಿಸಬೇಕಾಗಲಿಲ್ಲ. ಹುಕ್ಕೇರಿಯಲ್ಲಿ ಎರಡು ಸಾವಿರ ಹೆಂಗಸರು ಹಳದಿ ಮುಖದ ಚೀಲ ಹಿಡಿದು ಸಾಲಾಗಿ ಕುಳಿತ ಫೋಟೋ ಎಲ್ಲರ ಫೋನಿಗೂ ಬಂತು.

ಅನ್ನಪೂರ್ಣಾಳನ್ನು ಶುಕ್ರವಾರವೇ ಮೂಡಲಗಿಗೆ ಕಳಿಸಿದ್ದರು. ಆದರೆ ಕಷ್ಟದ ಚಿತ್ರಗಳನ್ನು ಒಡೆಯುವುದು ಸುನೀಲನಿಗೆ ಇನ್ನೂ ಪೂರಾ ಹಿಡಿತಕ್ಕೆ ಬಂದಿರಲಿಲ್ಲ. ಒಂದು ವಾರದ ಮೇಲೆ ಹಣಮಂತ ಟೆಂಪೋದಲ್ಲಿ ಹಳೆಯ ಕಂಪ್ಯೂಟರನ್ನೂ ಕುರ್ಚಿಯನ್ನೂ ಹಾಕಿಕೊಂಡು ಬಂದು, ಹಿತ್ತಲ ಕೋಣೆಯಲ್ಲಿ ಎಮ್ಮೆಯ ಹಿಂಡಿಯ ಮೂಟೆಗಳ ಪಕ್ಕ ಇಟ್ಟ.

"ಇಲ್ಲೇ ಕುಂತ ಮಾಡು" ಎಂದ. "ನಾ ಫೋನಿನ್ಯಾಗ ಚಿತ್ರಾ ಕಳಸತೇನಿ, ನೀ ಒಡದು ಕಳಸು. ಅಲ್ಲಿಂದು ನಿನಗ ಏನೂ ಕಾಣೂದಿಲ್ಲ, ಯಾರಿಗೂ ತ್ರಾಸಿಲ್ಲ. ಮನ್ಯಾಗ ಇದ್ದಂಗೂ ಆತು, ಕೆಲಸಾ ಮಾಡಿದಂಗೂ ಆತು. ಮೊದಲಽ ಹಿಂಗ ಮಾಡಬೇಕಿತ್ತು."

ಕೆಟ್ಟ ಚೀಲಗಳನ್ನು ಅವನು ಸುಡಲಿಲ್ಲ. ಕಪ್ಪು ಬಿದ್ದ ಮೊದಲ ನಲವತ್ತನ್ನು ಸುಂದ್ರವ್ವ ತನ್ನೆದುರಿಗೇ ಸುಡಿಸಿದ್ದಳು. ಉಳಿದವುಗಳ ಮೇಲೆ ಗೆರೆಯಿಲ್ಲ, ಅಕ್ಷರವಿಲ್ಲ, ಬರೀ ಬಣ್ಣದ ಕಲೆ. ಅವನ್ನು ಮೂಡಲಗಿಯ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬನಿಗೆ ದಾಟಿಸಿದ. ಟೆಂಪೋದಿಂದ ಇಳಿಸಿದ ಹಮಾಲರಿಗೆ ಕಥೆಯೆಲ್ಲ ಗೊತ್ತಿತ್ತು. ಎರಡು ಸಂತೆ ಕಳೆಯುವುದರೊಳಗೆ ಆ ಚೀಲಕ್ಕೆ ಅನ್ನಪೂರ್ಣಾ ಚೀಲವೆಂದೇ ಹೆಸರಾಯಿತು. ಕಥೆ ಗೊತ್ತಿಲ್ಲದವರು, ಕಾಯಿಪಲ್ಲೆ ತುಂಬುವ ಚೀಲಕ್ಕೆ ಒಳ್ಳೆಯ ಹೆಸರು ಎಂದುಕೊಂಡರು.

ಒಂದು ಭಾನುವಾರ ಕಾಶೆವ್ವ ಸಂತೆಯಿಂದ ಅಂಥದ್ದೇ ಒಂದರಲ್ಲಿ ಉಳ್ಳಾಗಡ್ಡಿ ತುಂಬಿಸಿಕೊಂಡು ಬಂದಳು. ಹಿತ್ತಲ ಕೋಣೆಯ ಗೂಟಕ್ಕೆ ನೇತುಹಾಕಿದಳು. ಎಪ್ಪತ್ತು ವರ್ಷದ ಹೆಣ್ಣುಮಗಳು, ತಾನೂ ಹದಿನೆಂಟು ವರ್ಷದಿಂದ ವಿಭೂತಿಯ ಹಣೆಯವಳೇ.

"ನಿನ್ನ ಹೆಸರ ಸಂತಿ ತುಂಬ ಆಗೇತಿ ನೋಡು" ಎಂದಳು. "ಅನಪೂರ್ಣಾ ಚೀಲದಾಗ ಹಾಕ್ರಿ, ಅನಪೂರ್ಣಾ ಚೀಲದಾಗ ಹಾಕ್ರಿ ಅಂತ ಎಲ್ಲಾರೂ. ಚೀಲೇನೋ ಗಟ್ಟಿ ಐತಿ. ಇದರ ಮ್ಯಾಲ ಇರೂದು ಏನವಾ ಇದು? ಹೂವೇನು?"

ಅನ್ನಪೂರ್ಣಾ ಕಂಪ್ಯೂಟರಿನಿಂದ ತಿರುಗಿ ಕುಳಿತಳು. ಹಸಿರು ಕಲೆ, ಅದರ ಮೇಲೊಂದು ಕೆಂಪು ಚುಕ್ಕೆ, ಸುತ್ತ ಹಳದಿ. ಅವಳಿಗೆ ಮುಖ ಕಂಡಿತು. ಈರುಳ್ಳಿಯ ಭಾರಕ್ಕೆ ಗಲ್ಲ ಉಬ್ಬಿತ್ತು.

"ಏನೂ ಇಲ್ರಿ ಅತ್ತಿ" ಎಂದಳು. "ಬಣ್ಣ."

ಹೇಳಿದ ಮೇಲೂ ನೋಡುತ್ತಲೇ ಇದ್ದಳು. ಕಾಶೆವ್ವ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, ಬಾಗಿಲ ಕಡೆ ನಡೆಯುತ್ತ, ತಿರುಗದೆಯೇ ಅಂದಳು:

"ಭಾಳ ಹೊತ್ತ ನೋಡಬ್ಯಾಡ ಹಂಗ. ಉಳ್ಳಾಗಡ್ಡಿ ಕೊಳತಾವು."

ಹಿತ್ತಲಲ್ಲಿ ತನ್ನ ಮಾತಿಗೆ ತಾನೇ ನಗುವುದು ಒಳಗೆ ಕೇಳಿಸಿತು. ಮೊದಮೊದಲು ಸಣ್ಣಗೆ, ಆಮೇಲೆ ಎಮ್ಮೆಗಳು ತಲೆಯೆತ್ತುವಷ್ಟು.